ಸೂಜಿ ಇಲ್ಲದ ಸೀಸೆಗಳು

ತುಂಗಭದ್ರೆಯ ದಂಡೆಯ ಮೇಲೊಂದು ಆಶ್ರಮ. ಆಶ್ರಮ ಅಂದರೆ ಜಟೆ, ಜಪ, ಧೂಪ ಎಂದುಕೊಂಡು ಬಂದವರು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತಿದ್ದರು. ಅಲ್ಲಿದ್ದದ್ದು ಹನ್ನೊಂದು ಕುದುರೆ, ಒಂದು ಉದ್ದನೆಯ ಕೊಠಡಿ, ಆ ಕೊಠಡಿಯಲ್ಲಿ ಸದಾ ಗುಂಯ್ ಎನ್ನುವ ಒಂದು ಪಂಪು.

ಅಲ್ಲಿಯ ಗುರುಗಳು ಕಲ್ಲಿನಾಥ ಮಾಸ್ತರು. ಕಾವಿ ಉಟ್ಟವರಲ್ಲ, ಉಪದೇಶ ಕೊಟ್ಟವರಲ್ಲ. ಹಾವು ಕಡಿದವರಿಗೆ ಚುಚ್ಚುವ ಔಷಧ ಮಾಡುವುದೇ ಅವರ ನಲವತ್ತು ವರ್ಷದ ತಪಸ್ಸು.

ಕುದುರೆಯ ರಕ್ತದಿಂದ ತೆಗೆದ ಆ ಔಷಧ ನೀರಾಗಿದ್ದರೆ ಬೇಗ ಕೆಡುತ್ತದೆ. ಹಳ್ಳಿಯ ದವಾಖಾನೆಗಳಲ್ಲಿ ಫ್ರಿಜ್ ಇದ್ದರೆ ಕರೆಂಟಿಲ್ಲ, ಕರೆಂಟಿದ್ದರೆ ಫ್ರಿಜ್ ಕೆಟ್ಟಿರುತ್ತದೆ. ಅದಕ್ಕೆ ಮಾಸ್ತರು ಔಷಧವನ್ನು ಸಣ್ಣ ಸೀಸೆಗಳಲ್ಲಿ ಹಾಕಿ, ಉಕ್ಕಿನ ಪೆಟ್ಟಿಗೆಯೊಳಗಿಟ್ಟು, ಮಂಜುಗಡ್ಡೆ ಮಾಡಿ, ಆಮೇಲೆ ಪೆಟ್ಟಿಗೆಯ ಗಾಳಿಯನ್ನೆಲ್ಲ ಪಂಪಿನಿಂದ ಹೀರಿಸುತ್ತಿದ್ದರು. ಗಾಳಿ ಇಲ್ಲದ ಕಡೆ ಮಂಜು ಕರಗಿ ನೀರಾಗುವುದಿಲ್ಲ, ನೇರ ಹಬೆಯಾಗಿ ಹಾರಿಹೋಗುತ್ತದೆ. ತಳದಲ್ಲಿ ಬತ್ತಾಸಿನಂಥ ಬಿಳಿ ಬಿಲ್ಲೆ ಉಳಿಯುತ್ತದೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ನೀರು ಬೆರೆಸಿ ಚುಚ್ಚಿದರಾಯಿತು.

ಸೂಕ್ಷ್ಮ ಇರುವುದು ಒಂದೇ ಕಡೆ. ಮಂಜು ಪೂರ್ತಿ ಹೋದಮೇಲೆ, ಉಳಿದ ತೇವ ಹೋಗಲೆಂದು ಪೆಟ್ಟಿಗೆಯ ಶಾಖ ಏರಿಸಬೇಕು. ಮಂಜು ಇನ್ನೂ ಇರುವಾಗ ಏರಿಸಿದರೆ ಅದು ಕರಗುತ್ತದೆ, ಬಿಲ್ಲೆ ಕುಸಿದು ಬೆಲ್ಲದ ಪಾಕದ ಹಾಗೆ ತಳಕ್ಕೆ ಅಂಟುತ್ತದೆ. ಆಮೇಲೆ ಅದನ್ನು ಯಾರಿಗೂ ಚುಚ್ಚುವ ಹಾಗಿಲ್ಲ.

ನೀಲಗಂಗಾ ಅಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ರಸಾಯನಶಾಸ್ತ್ರ ಓದಿದವಳು, ಚುರುಕು ಕೈ, ಚುರುಕು ಬಾಯಿ. ಬಂದ ಮೊದಲ ದಿನವೇ ಕೇಳಿದ್ದಳು, ಮುಚ್ಚಿದ ಪೆಟ್ಟಿಗೆಯೊಳಗೆ ಮಂಜು ಹೋಯಿತೋ ಇಲ್ಲವೋ ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ ಎಂದು.

ಮಾಸ್ತರು ಮೂರು ತಂತಿಗಳನ್ನು ತೋರಿಸಿದ್ದರು. ತುದಿ ಸೂಜಿಯಂತಿದ್ದುದರಿಂದ ಎಲ್ಲರೂ ಅವನ್ನು ಸೂಜಿ ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಯಲ್ಲಿ ಆರುನೂರು ಸೀಸೆ ಇಟ್ಟರೆ ಅವುಗಳಲ್ಲಿ ಮೂರಕ್ಕೆ ಸೂಜಿ. ಮಂಜು ಇರುವ ತನಕ ಸೀಸೆ ತಣ್ಣಗಿರುತ್ತದೆ, ಮಂಜು ಹೋದ ಕೂಡಲೇ ಬೆಚ್ಚಗಾಗುತ್ತದೆ. ಸೂಜಿ ಅದನ್ನು ಹೊರಗಿನ ಫಲಕದಲ್ಲಿ ಅಂಕಿಯಾಗಿ ತೋರಿಸುತ್ತದೆ. ಮೂರೂ ಏರಿದರೆ ಆಯಿತು ಅಂತ ಲೆಕ್ಕ.

ನೀಲಗಂಗಾ ಆ ಮೂರು ಸೀಸೆಗಳನ್ನು ಮಕ್ಕಳ ಹಾಗೆ ನೋಡಿಕೊಂಡಳು. ಸೂಜಿ ಹಾಕಲು ಯಾವಾಗಲೂ ಗೀರಿಲ್ಲದ, ಚೆಂದನೆಯ ಸೀಸೆಗಳನ್ನೇ ಆರಿಸುವಳು. ಅವುಗಳ ಅಂಕಿಗಳು ಅವಳಿಗೆ ಬಾಯಿಪಾಠ.

ಮಾಸ್ತರದು ಮಾತ್ರ ಬೇರೆಯೇ ರೀತಿ. ಸೂಜಿ ಮೂರೂ ಏರಿದವು ಎಂದು ಅವಳು ಕೂಗಿದರೆ ಅವರು ಎದ್ದು ಹೋಗಿ ಶಾಖದ ಗುಂಡಿ ತಿರುಗಿಸುತ್ತಿರಲಿಲ್ಲ. ಮೊದಲು ಸ್ನಾನ ಮಾಡಿ ಬರೋಣ ಅನ್ನುವರು. ಸ್ನಾನವಾದರೆ ಊಟ. ಊಟವಾದರೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಎಲೆ ಅಡಿಕೆ. ಹೀಗೆ ಅರ್ಧ ದಿನ ಕಳೆದು, ಅವಳ ತಾಳ್ಮೆ ತುದಿಗೆ ಬಂದಾಗ, ಮೆಲ್ಲಗೆ ಎದ್ದು ಗುಂಡಿ ತಿರುಗಿಸುವರು. ವಯಸ್ಸಾಯಿತಲ್ಲ, ಮೈ ಬಗ್ಗುವುದಿಲ್ಲ ಎಂದು ಅವಳು ಒಳಗೊಳಗೇ ನಗುತ್ತಿದ್ದಳು.

ಮೂರು ವಾರದ ಹಿಂದೆ ಪೆಟ್ಟಿಗೆಗೆ ಒಂದು ಕ್ಯಾಮೆರಾ ಬಂದಿತ್ತು. ಅದು ಬೆಳಕನ್ನಲ್ಲ, ಶಾಖವನ್ನು ನೋಡುವ ಕ್ಯಾಮೆರಾ. ಸಾದಾ ಗಾಜಿನಲ್ಲಿ ಅದರ ಕಣ್ಣು ಹಾಯುವುದಿಲ್ಲವೆಂದು ಪೆಟ್ಟಿಗೆಯ ನೆತ್ತಿಗೆ ಬೇರೆ ಜಾತಿಯ ಕಿಂಡಿ ಕೊರೆದು ಕೂರಿಸಿದ್ದರು. ಮೇಲಿನಿಂದ ಆರುನೂರು ಸೀಸೆಯನ್ನೂ ನೋಡಿ ಪರದೆಯ ಮೇಲೆ ಬಣ್ಣ ಬಿಡಿಸುತ್ತಿತ್ತು. ತಣ್ಣಗಿದ್ದರೆ ನೀಲಿ, ಬೆಚ್ಚಗಾದರೆ ಹಳದಿ.

ಅದು ನೀಲಗಂಗಾಳಿಗೆ ಒಗ್ಗಲಿಲ್ಲ. ಸೂಜಿ ಅಂಕಿ ಹೇಳುತ್ತದೆ, ಇದು ಓಕುಳಿ ಆಡುತ್ತದೆ ಎಂದು ಆಡಿಕೊಂಡಳು.

ಆ ಸೋಮವಾರ ಹೊಳೆಯ ಆಚೆಯಿಂದ ಹರಗೋಲಿನಲ್ಲಿ ಎಸ್ತೇರಮ್ಮ ಸಿಸ್ಟರ್ ಬಂದರು. ಆಚೆ ದಂಡೆಯ ಆರೋಗ್ಯ ಕೇಂದ್ರದ ನರ್ಸು. ಅವರ ಪೆಟ್ಟಿಗೆಯಲ್ಲಿ ಹಾವಿನ ಔಷಧ ಒಂದೇ ಒಂದು ಸೀಸೆಯೂ ಉಳಿದಿರಲಿಲ್ಲ. ಭತ್ತದ ಕೊಯ್ಲಿಗೆ ಇನ್ನು ಮೂರು ವಾರ. ಕೊಯ್ಲೆಂದರೆ ಗದ್ದೆಗೆ ಕೈ ಹಾಕುವುದು, ಗದ್ದೆಗೆ ಕೈ ಹಾಕುವುದೆಂದರೆ ಹಾವು. ಹೋದ ವರ್ಷ ಒಬ್ಬ ಹೆಂಗಸನ್ನು ಪಟ್ಟಣಕ್ಕೆ ಸಾಗಿಸುವಾಗ ದಾರಿಯಲ್ಲೇ ಕಳೆದುಕೊಂಡದ್ದನ್ನು ಸಿಸ್ಟರ್ ಹೇಳಿದರು.

ಲೆಕ್ಕ ಸರಳವಿತ್ತು. ಒಣಗಿದ ಔಷಧದ ಪರೀಕ್ಷೆಗೆ ಎರಡು ವಾರ ಹಿಡಿಯುತ್ತದೆ. ಕುದುರೆಗಳಿಂದ ಮತ್ತೆ ರಕ್ತ ತೆಗೆಯಲು ಇನ್ನೂ ತಿಂಗಳು ಕಾಯಬೇಕು. ಇದ್ದದ್ದು ಈ ಆರುನೂರು ಸೀಸೆ ಮಾತ್ರ. ಇದು ಕೆಟ್ಟರೆ ಕೊಯ್ಲಿಗೆ ಔಷಧವಿಲ್ಲ.

ಮಾಸ್ತರು ಸೀಸೆಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಇಡಿಸಿದರು. ಆಮೇಲೆ ನೀಲಗಂಗಾಳನ್ನು ಕರೆದು, ತಾವು ಸಿಸ್ಟರ ಜೊತೆ ಹೋಗಿ ಆಚೆಯ ನಾಲ್ಕು ದವಾಖಾನೆ ನೋಡಿ ಬರುವುದಾಗಿಯೂ, ಈ ಸಲದ ಕೆಲಸ ಪೂರ್ತಿ ಅವಳದೇ ಎಂದೂ ಹೇಳಿದರು.

ಅವಳ ಎದೆ ಹಿಗ್ಗಿತು. "ನೀವು ಚಿಂತಿ ಮಾಡಬ್ಯಾಡ್ರಿ ಮಾಸ್ತರ. ಸೂಜಿ ಬಿಟ್ಟು ಕಣ್ಣು ತಗಿಯೂದಿಲ್ಲ."

"ಬಣ್ಣಾನೂ ಒಂದಿಷ್ಟು ನೋಡು, ತಂಗಿ" ಅಂದು ಅವರು ಹರಗೋಲು ಹತ್ತಿದರು.

ಒಂದು ದಿನ ನೋಡಿದಳು. ಪರದೆ ತುಂಬ ನೀಲಿ. ಮರುದಿನವೂ ನೋಡಿದಳು. ಸೂಜಿಯ ಅಂಕಿ ಮೆಲ್ಲಗೆ ಏರತೊಡಗಿದ್ದರೂ ಪರದೆ ನೀಲಿಯಾಗಿಯೇ ಇತ್ತು. ಅವಳಿಗೆ ಸಿಟ್ಟು ಬಂತು. ಎರಡು ದೋಣಿಯ ಮೇಲೆ ಕಾಲಿಟ್ಟರೆ ಹೊಳೆಗೆ ಬೀಳುವುದೇ ಸೈ ಅಂದುಕೊಂಡು, ಹೆಗಲ ಮೇಲಿದ್ದ ಟವೆಲನ್ನು ತೆಗೆದು ಪರದೆಯ ಮೇಲೆ ಹೊದೆಸಿಬಿಟ್ಟಳು.

ಬುಧವಾರ ಬೆಳಿಗ್ಗೆ ಮೂರೂ ಸೂಜಿ ಏರಿ ನಿಂತವು.

ಸ್ನಾನ, ಊಟ, ಎಲೆ ಅಡಿಕೆ ಎಲ್ಲ ಅವಳ ನೆನಪಿಗೆ ಬಂತು. ಸಿಸ್ಟರ ಬರಿದಾದ ಪೆಟ್ಟಿಗೆಯೂ ನೆನಪಿಗೆ ಬಂತು. ಅರ್ಧ ದಿನ ಉಳಿಸಿದರೆ ಅರ್ಧ ದಿನ ಮುಂಚೆ ಪರೀಕ್ಷೆಗೆ ಹೋಗುತ್ತದಲ್ಲ. ಅವಳು ಎದ್ದು ಹೋಗಿ ಶಾಖದ ಗುಂಡಿ ತಿರುಗಿಸಿದಳು.

ಅರ್ಧ ಗಂಟೆ ಕಳೆದಿರಬೇಕು. ಹೊಳೆಯ ಮೆಟ್ಟಿಲಿಗೆ ಹರಗೋಲು ತಾಗಿದ ಸದ್ದು ಕೇಳಿ ಅವಳು ಓಡಿದಳು. ಮಾಸ್ತರು ಇನ್ನೂ ಇಳಿದಿರಲಿಲ್ಲ, ಇವಳು ಮೇಲಿನಿಂದಲೇ ವರದಿ ಒಪ್ಪಿಸಿದಳು. ಸೂಜಿ ಮೂರೂ ಏರಿದವು, ಶಾಖ ಹಚ್ಚಿದ್ದಾಯಿತು, ಅರ್ಧ ದಿನ ಉಳಿಯಿತು.

ಮಾಸ್ತರು ಒಂದು ಮೆಟ್ಟಿಲು ಹತ್ತಿ ನಿಂತರು.

"ಸೂಜಿ ಇಲ್ಲದ ಸೀಸೆ ಎಷ್ಟು ಅದಾವ ತಂಗಿ?"

"ಐನೂರಾ ತೊಂಬತ್ತೇಳ್ರಿ."

"ಅವು ಏನಂದ್ವು?"

ನೀಲಗಂಗಾ ಕೊಠಡಿಯ ಕಡೆಗೆ ತಿರುಗಿದಳು. ಮುಂದಿನ ಕ್ಷಣ ಅವಳು ಓಡುತ್ತಿದ್ದಳು.

ಟವೆಲು ಎಳೆದಳು. ಅಂಚಿನಲ್ಲಿ ಒಂದಿಷ್ಟು ಹಳದಿ. ಸೂಜಿ ಇದ್ದ ಮೂರೂ ಸೀಸೆ ಎದ್ದು ಕಾಣುವಷ್ಟು ಹಳದಿ. ನಡುವೆಲ್ಲ ನೀಲಿ, ಇನ್ನೂರು ಮುನ್ನೂರು ಸೀಸೆ, ಗಾಢ ನೀಲಿ.

ಅವಳ ಕೈ ಗುಂಡಿಯನ್ನು ಹಿಂದಕ್ಕೆ ತಿರುಗಿಸಿತು. ಸೀಸೆಗಳು ಕೂತಿದ್ದ ಹಲಗೆ ತಣ್ಣಗಾಗಲು ಹೊತ್ತು ಬೇಕು, ಅಷ್ಟರಲ್ಲಿ ಒಳಗೆ ಏನೇನು ಕರಗಿತೋ.

ಮಾಸ್ತರು ಬಂದು ಹಿಂದೆ ನಿಂತದ್ದು ಅವಳಿಗೆ ಗೊತ್ತಾಯಿತು. ಬಾಗಿಲು ತೆಗೆದು ನೋಡಿಬಿಡುತ್ತೇನೆ ಎಂದು ಅವಳು ಅಗುಳಿಗೆ ಕೈ ಹಾಕಿದಳು. ಅವರು ಆ ಕೈಯನ್ನು ಹಿಡಿದರು. ಬಾಗಿಲು ತೆಗೆದರೆ ಗಾಳಿ ನುಗ್ಗುತ್ತದೆ, ಕರಗದೆ ಉಳಿದದ್ದೂ ಕರಗುತ್ತದೆ ಎಂದರು.

"ಹಂಗಾರ ಈಗ ಏನ್ ಮಾಡೂನ್ರಿ?"

"ನೋಡೂನು."

"ಏನ ನೋಡೂದ್ರಿ ಮಾಸ್ತರ, ಎಲ್ಲಾ ಹಾಳಾಗಿದ್ರ?"

"ಹಾಳಾಗೈತೋ ಇಲ್ಲೋ, ಅದನ್ನ."

ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಕುದುರೆಗಳಿಗೆ ಮೇವು ಹಾಕಲು ಹೋದರು.

ಗುರುವಾರ ಅವಳಿಗೆ ಅನ್ನ ಸೇರಲಿಲ್ಲ. ಪರದೆಯ ಮುಂದೆ ಕೂತೇ ಇದ್ದಳು. ನೀಲಿ ಅಂಚಿನಿಂದ ನಡುವಿನ ಕಡೆಗೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಮಾಸ್ತರು ಬಂದಾಗ ಅವಳು ಕೇಳಿದ್ದು ಒಂದೇ, ಸೂಜಿ ಮತ್ತು ಕ್ಯಾಮೆರಾ ಎರಡರಲ್ಲಿ ಸುಳ್ಳು ಹೇಳಿದ್ದು ಯಾವುದು ಎಂದು.

ಮಾಸ್ತರು ಎರಡು ಖಾಲಿ ಸೀಸೆ ತಂದರು. ಎರಡಕ್ಕೂ ಒಂದೇ ಪಾತ್ರೆಯ ಶುದ್ಧ ನೀರು ಸುರಿದರು. ಒಂದರಲ್ಲಿ ಸೂಜಿ ಇಳಿಬಿಟ್ಟರು, ಇನ್ನೊಂದನ್ನು ಹಾಗೇ ಬಿಟ್ಟರು. ಎರಡನ್ನೂ ಮೂಲೆಯಲ್ಲಿದ್ದ, ಗಾಜಿನ ಮುಚ್ಚಳದ ಸಣ್ಣ ಶೀತಪೆಟ್ಟಿಗೆಯಲ್ಲಿಟ್ಟು, ಅವಳನ್ನು ಪಕ್ಕದಲ್ಲಿ ಕೂರಿಸಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸೂಜಿಯ ಸುತ್ತ ಬೆಳ್ಳಗಾಯಿತು, ನೋಡುತ್ತಿದ್ದ ಹಾಗೇ ಆ ಸೀಸೆ ಗಟ್ಟಿಯಾಯಿತು. ಇನ್ನೊಂದರಲ್ಲಿ ನೀರು ನೀರಾಗಿಯೇ ಇತ್ತು. ಮತ್ತೂ ತಣ್ಣಗಾಯಿತು, ಆದರೂ ನೀರೇ.

ಮಾಸ್ತರು ಮುಚ್ಚಳ ಸರಿಸಿ ಬೆರಳಿನಿಂದ ಅದನ್ನು ಒಮ್ಮೆ ತಟ್ಟಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬೆಳ್ಳಗಾಗಿಹೋಯಿತು.

ಎರಡನ್ನೂ ಅವಳ ಕೈಗೆ ಕೊಟ್ಟು ಭೂತಗನ್ನಡಿಯನ್ನೂ ಕೊಟ್ಟರು. ನೀಲಗಂಗಾ ನೋಡಿದಳು. ಸೂಜಿಯ ಸೀಸೆಯ ಮಂಜು ದಪ್ಪ ರವೆಯಂತಿತ್ತು. ಇನ್ನೊಂದರದ್ದು ಜೋಳದ ಹಿಟ್ಟಿನ ಹಾಗೆ ನುಣುಪು.

ಅವಳು ಓದಿದವಳು. ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರು ಹೆಪ್ಪುಗಟ್ಟಲು ಒಂದು ನೆಪ ಬೇಕು, ಸೂಜಿಯೇ ಆ ನೆಪ. ಸೂಜಿ ಇದ್ದಲ್ಲಿ ಮೊದಲೇ ಹೆಪ್ಪುಗಟ್ಟುತ್ತದೆ, ಮಂಜಿನ ಕಣ ದಪ್ಪ. ರವೆಯಲ್ಲಿ ಸಂದು ಅಗಲ, ಹಬೆ ಸಲೀಸಾಗಿ ಹೊರಗೆ ಹೋಗುತ್ತದೆ. ಹಿಟ್ಟಿನಲ್ಲಿ ಸಂದಿಲ್ಲ, ಹಬೆ ತಿಣುಕಾಡಬೇಕು.

"ಅಂದ್ರ ನಾವು ಸೂಜಿ ಹಾಕಿದ್ದಕ್ಕ ಅದು ಮದಲ ಒಣಗತೈತಿ" ಅಂದಳು.

"ಹೌದು."

"ಹಂಗಾದ್ರ ಸೂಜಿನ ಸುಳ್ಳು ಹೇಳಿದ್ದು."

"ಇಲ್ಲ ತಂಗಿ. ಅದು ಖರೇನ ಹೇಳೈತಿ. ತನ್ನ ಸೀಸೆದಷ್ಟ."

ಆ ಸ್ನಾನ, ಆ ಊಟ, ಆ ಎಲೆ ಅಡಿಕೆ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮುದುಕರ ಮೈಗಳ್ಳತನ ಎಂದು ತಾನು ನಕ್ಕದ್ದು ಉಳಿದ ಐನೂರಾ ತೊಂಬತ್ತೇಳು ಸೀಸೆಗೆ ಅವರು ಕೊಡುತ್ತಿದ್ದ ಹೊತ್ತು.

ಇದನ್ನು ಮೊದಲೇ ಒಂದು ಮಾತು ಹೇಳಬಾರದಿತ್ತೇ ಎಂದು ಅವಳು ಕೇಳಿಯೇಬಿಟ್ಟಳು. ದನಿಯಲ್ಲಿ ಅಳುವೂ ಇತ್ತು, ಸಿಟ್ಟೂ ಇತ್ತು.

"ಹೇಳಿದ್ರ ಎಷ್ಟು ತಾಸು ಕಾಯಬೇಕು ಅಂತ ಕೇಳ್ತಿದ್ದಿ" ಅಂದರು ಮಾಸ್ತರು. "ನನಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಅಂದಾಜಿನ ಮ್ಯಾಲ ಎಲಿ ತಿಂದೀನಿ. ಅದಕ್ಕ ಆ ಕ್ಯಾಮೆರಾ ತರಿಸಿದ್ದು."

ಶುಕ್ರವಾರ ಬೆಳಿಗ್ಗೆ ಪರದೆಯ ನಡುವೆ ಅಂಗೈ ಅಗಲದಷ್ಟು ನೀಲಿ ಉಳಿದಿತ್ತು. ಮಧ್ಯಾಹ್ನಕ್ಕೆ ಏಳು ಚುಕ್ಕೆ. ಆಮೇಲೆ ಮೂರು. ಆಮೇಲೆ ಒಂದೇ ಒಂದು. ಆ ಒಂದು ಸೀಸೆ ಎರಡು ತಾಸು ಹಟ ಹಿಡಿದು ಕೂತಿತ್ತು. ನೀಲಗಂಗಾ ಅದನ್ನೇ ನೋಡುತ್ತ ಹೋಗವ್ವಾ, ಹೋಗು ಎಂದು ಗುನುಗುತ್ತಿದ್ದಳು. ಮೊದಲು ಹಸಿರಾಯಿತು. ನಂತರ ಹಳದಿ.

ಮಾಸ್ತರು ಕುದುರೆಗಳ ಹತ್ತಿರ ಇದ್ದರು. ಕರೆಯಲು ಅವಳು ಹೋಗಲಿಲ್ಲ. ಇನ್ನೂ ಒಂದು ತಾಸು ಪರದೆ ನೋಡಿ, ಒಂದು ಕಡೆಯೂ ನೀಲಿ ತಿರುಗಿ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎದ್ದು ಶಾಖದ ಗುಂಡಿ ತಿರುಗಿಸಿದಳು.

ಶನಿವಾರ ಹತ್ತು ಗಂಟೆಗೆ ಸೀಸೆಗಳಿಗೆ ಪೆಟ್ಟಿಗೆಯೊಳಗೇ ಯಂತ್ರದಿಂದ ಬಿರಡೆ ಕೂತಿತು, ಪಂಪು ನಿಂತಿತು. ಐದು ದಿನದ ಸದ್ದು ನಿಂತ ಮೇಲೆ ಹೊಳೆಯ ಸದ್ದು ಕೇಳಿಸಿತು. ಮಾಸ್ತರು ಅವಳ ಕಡೆ ನೋಡಿದರು. ಬಾಗಿಲು ಅವಳೇ ತೆಗೆಯಬೇಕೆಂದು ಅವಳಿಗೆ ತಿಳಿಯಿತು.

ತೆಗೆಯುವ ಮುಂಚೆ ಕಣ್ಣು ಮುಚ್ಚಿದಳು. ದೇವರ ಹೆಸರು ಒಂದೂ ನೆನಪಾಗಲಿಲ್ಲ.

ತೆಗೆದಳು. ಎದುರಿನ ಸಾಲು ಬಿಳಿ. ಅದರ ಹಿಂದಿನದೂ ಬಿಳಿ. ಅವಳು ಹಲಗೆಯನ್ನು ಹೊರಗೆಳೆದು ಒಂದೊಂದೇ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬತ್ತಾಸು, ಬತ್ತಾಸು, ಬತ್ತಾಸು. ನಡುವಿನ ಸಾಲುಗಳಿಗೆ ಬಂದಾಗ ಇನ್ನೂ ನಿಧಾನಿಸಿದಳು. ಅಲ್ಲೊಂದು ಕುಸಿದಿತ್ತು. ಪಕ್ಕದಲ್ಲಿ ಇನ್ನೊಂದು. ಅವನ್ನು ತೆಗೆದು ಬೇರೆ ಇಟ್ಟಳು. ಆರುನೂರೂ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಜಾರಿತ್ತು.

ಅರ್ಧ ಗಂಟೆಯಲ್ಲಿ ಶಾಖ ಪೂರ್ತಿ ಏರಿರಲಿಲ್ಲ, ಕುಸಿದವು ಒಂಬತ್ತೇ. ಉಳಿದ ಐನೂರಾ ತೊಂಬತ್ತೊಂದೂ ನಿಂತಿದ್ದವು.

ಹೋದ ಜೀವ ಬಂದಂತಾಯಿತು. ನೀಲಗಂಗಾ ನೆಲದ ಮೇಲೆ ಕೂತುಬಿಟ್ಟಳು. ಅಳಬೇಕೆಂದುಕೊಂಡಳು, ನಗು ಬಂತು. ನಗಬೇಕೆಂದುಕೊಂಡಾಗ ಅಳು ಬಂತು. ಮಾಸ್ತರು ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟು, ಆ ಒಂಬತ್ತನ್ನು ಬುಟ್ಟಿಗೆ ಹಾಕಿಕೊಂಡು ಹೂಳಲು ಹೋದರು.

ಎರಡು ವಾರದ ನಂತರ ಪರೀಕ್ಷೆಯ ಕಾಗದ ಬಂತು. ಔಷಧ ನೆಟ್ಟಗಿದೆ ಎಂದು ಬರೆದಿತ್ತು. ಕೊಯ್ಲಿಗೆ ಇನ್ನೂ ಎರಡು ದಿನ ಇರುವಾಗ ಎಸ್ತೇರಮ್ಮ ಸಿಸ್ಟರ್ ಬಂದು, ತಮ್ಮ ಪೆಟ್ಟಿಗೆಯನ್ನೂ ಉಳಿದ ಮೂರು ದವಾಖಾನೆಯವರ ಪೆಟ್ಟಿಗೆಗಳನ್ನೂ ತುಂಬಿಕೊಂಡು ಹರಗೋಲು ಹತ್ತಿದರು. ಹೋಗುವಾಗ ನೀಲಗಂಗಾಳ ಗಲ್ಲ ಹಿಂಡಿ, ಛಲೋ ಕೆಲಸ ಮಾಡಿದಿ ಮಗಳ ಎಂದರು. ಆ ಮಾತು ಅವಳಿಗೆ ಚುಚ್ಚಿತು, ಆದರೂ ಹಿತವಾಯಿತು.

ಹರಗೋಲು ನಡುಹೊಳೆ ದಾಟುವ ತನಕ ಗುರು ಶಿಷ್ಯೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ನೋಡಿದರು. ಗಾಳಿ ತಂಪಾಗಿತ್ತು. ಬಹಳ ದಿನದ ನಂತರ ನೀಲಗಂಗಾಳಿಗೆ ಹಸಿವಾಗಿತ್ತು.

ಆದರೂ ಒಂದು ಮುಳ್ಳು ಉಳಿದಿತ್ತು. ಅದನ್ನು ತೆಗೆಯದೆ ಏಳುವುದು ಬೇಡ ಎನಿಸಿತು.

"ಮಾಸ್ತರ, ಒಂದು ಕೇಳ್ಲ್ಯಾ?"

"ಕೇಳು."

"ನಾಲ್ಕು ತಿಂಗಳು ನೀವು ಆ ಬೆಂಚಿನ ಮ್ಯಾಲ ಕುಂತು ನನ್ನ ಕೆಲಸ ನೋಡೀರಿ. ಒಂದು ದಿನಾನೂ ನಾ ತಪ್ಪಲಿಲ್ಲ. ನೋಡಿ ನೋಡಿ ಇವಳು ತಯಾರಾದಳು ಅಂತ ಒಪ್ಪಿಸಿ ಹೋದ್ರಿ. ನೀವು ಹೊಳಿ ದಾಟಿದ್ದ ತಡ, ತಪ್ಪಿದೆ. ಯಾಕ್ರಿ ಹಿಂಗಾತು?"

ಮಾಸ್ತರು ಹರಗೋಲಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು.

"ಸೂಜಿ ನಾನ ಇದ್ದೆ, ತಂಗಿ."